ಬ್ರೇಕ್ ಬ್ಲಾಕ್ ಕಳಚಿ ಬೀಳುತ್ತಿದೆಯಾ? ಕೀ, ಲಗ್, ಬೆನ್ನು, ಹೆಡ್: ಇವುಗಳಲ್ಲಿ ಯಾವುದನ್ನು ಗಟ್ಟಿ ಮಾಡಬೇಕು

ಕಾರ್ಖಾನೆ ಸೈಡಿಂಗ್‌ನಲ್ಲಿ ವ್ಯಾಗನ್ ನೋಡಿಕೊಳ್ಳುವವರು, ಬ್ರೇಕ್ ಬ್ಲಾಕ್ (ಬ್ರೇಕ್ ಹಾಕಿದಾಗ ಗಾಲಿಗೆ ಒತ್ತುವ ತುಂಡು) ಎರಕ ಹೊಯ್ಯುವ ಸಣ್ಣ ಫೌಂಡ್ರಿಯವರು, ಇಬ್ಬರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಬ್ಲಾಕ್ ಕಳಚಿ ಬೀಳುತ್ತಿದೆ, ಏನನ್ನು ಗಟ್ಟಿ ಮಾಡೋಣ? ಸ್ಟೋರ್ಸ್‌ನವರು ಒಳ್ಳೆ ಕೀ (ಬ್ಲಾಕನ್ನು ಹಿಡಿದಿಡುವ ಬೆಣೆ) ತರಿಸೋಣ ಅಂತಾರೆ. ಫೌಂಡ್ರಿಯವರು ಲಗ್ (ಬ್ಲಾಕಿನ ಬೆನ್ನಿನ ಕಿವಿ) ದಪ್ಪ ಮಾಡಿಕೊಡುತ್ತೇವೆ ಅಂತಾರೆ. ಮಾರಾಟಕ್ಕೆ ಬಂದವರು ಕಾಂಪೋಸಿಷನ್ ಬ್ಲಾಕ್ (ರಾಳ, ನಾರು ಬೆರೆಸಿ ಮಾಡಿದ್ದು) ಹಾಕಿಬಿಡಿ, ತಲೆನೋವೇ ಇರಲ್ಲ ಅಂತಾರೆ. ಎಲ್ಲರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ, ಅದಕ್ಕೇ ಆಯ್ಕೆ ಕಷ್ಟ ಆಗುವುದು. ನಾನು ವ್ಯಾಗನ್ ಅಡಿ ಮಲಗಿಯೂ ಕೆಲಸ ಮಾಡಿದ್ದೇನೆ, ಫೌಂಡ್ರಿಯಲ್ಲಿ ಅಚ್ಚಿನ ಪಕ್ಕ ನಿಂತೂ ಕೆಲಸ ಮಾಡಿದ್ದೇನೆ. ಎರಡೂ ಕಡೆಯಿಂದ ಕಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ಗಡಿ ಹಾಕಿಕೊಳ್ಳೋಣ. ನಿಮ್ಮ ವ್ಯಾಗನ್ ರೈಲ್ವೆಯ ಮುಖ್ಯ ಹಳಿಗೆ ಹೋಗುತ್ತದಾ? ಹಾಗಿದ್ದರೆ ಈ ಆಯ್ಕೆಗಳಲ್ಲಿ ಹೆಚ್ಚಿನವು ನಿಮ್ಮ ಕೈಯಲ್ಲಿ ಇಲ್ಲ. ಅಲ್ಲಿ ರೈಲ್ವೆಯ ವಿನ್ಯಾಸ ಮತ್ತು ಸಂಶೋಧನಾ ಸಂಸ್ಥೆ, ಲಖನೌದ ಆರ್‌ಡಿಎಸ್‌ಒ ಕೊಟ್ಟ ಡ್ರಾಯಿಂಗ್ ಏನಿದೆಯೋ ಅದೇ. ಲಗ್ ಅನ್ನು 2 ಮಿ.ಮೀ. ದಪ್ಪ ಮಾಡಿದರೂ ಅದು ಬೇರೆ ಭಾಗವೇ ಆಗುತ್ತದೆ, ನಾಳೆ ಇನ್ನೊಂದು ಡಿಪೋದ ಫಿಟ್ಟರ್ ಕೈಗೆ ಅದು ಕೂರುವುದಿಲ್ಲ. ಅಂಥವರು ಹೆಡ್ (ಬ್ಲಾಕ್ ಕೂರುವ ಆಸರೆ), ಪಿನ್, ಬುಷ್ ಬಗ್ಗೆ ಬರೆದ ಭಾಗವನ್ನು ನೋಡಿಕೊಂಡರೆ ಸಾಕು. ಗೇಟಿನೊಳಗೇ ಓಡುವ ಪ್ಲಾಂಟ್ ವ್ಯಾಗನ್, ಸ್ಲ್ಯಾಗ್ (ಕುಲುಮೆಯ ಕಿಟ್ಟ) ಗಾಡಿ, ಗಣಿ ಟ್ರಾಲಿ, ಹಳೇ ಶಂಟಿಂಗ್ ಎಂಜಿನ್ ಇಟ್ಟುಕೊಂಡವರಿಗೆ ಇಡೀ ಬರಹ.

ಬ್ಲಾಕ್ ಹೇಗೆ ಕೂತಿರುತ್ತದೆ ಅನ್ನುವುದು ಮನಸ್ಸಿನಲ್ಲಿ ಸ್ಪಷ್ಟ ಇರಬೇಕು. ಬ್ಲಾಕಿನ ಬೆನ್ನಿನ ನಡುವೆ ಒಂದು ಕಿವಿ ಇರುತ್ತದೆ, ಅದನ್ನೇ ಲಗ್ ಅನ್ನುವುದು. ಬ್ರೇಕ್ ಹೆಡ್ಡಿನ ನಡುವೆ ಎರಡು ಲಗ್ ಇರುತ್ತವೆ. ಬ್ಲಾಕಿನ ಲಗ್ ಇವೆರಡರ ನಡುವೆ ಹೋಗಿ ಕೂರುತ್ತದೆ. ಮೂರರ ತೂತೂ ಒಂದೇ ಸಾಲಿಗೆ ಬಂದಾಗ ಮೇಲಿನಿಂದ ಬಾಗಿದ ಉದ್ದನೆಯ ಕೀ ಇಳಿಸಿ ಸುತ್ತಿಗೆಯಿಂದ ಹೊಡೆದು ಕೂರಿಸುತ್ತೇವೆ. ಬ್ಲಾಕಿನ ಎರಡು ತುದಿಗಳು ಹೆಡ್ಡಿನ ತುದಿಗಳ ಮೇಲೆ ಒರಗಿರುತ್ತವೆ.

ಈಗ ಬ್ರೇಕ್ ಹಾಕಿದಾಗ ಏನಾಗುತ್ತದೆ ನೋಡಿ. ಗಾಲಿ ತಿರುಗುತ್ತಾ ಬ್ಲಾಕನ್ನು ತನ್ನ ಜೊತೆ ಕೆಳಗೋ ಮೇಲಕ್ಕೋ ಎಳೆದುಕೊಂಡು ಹೋಗಲು ನೋಡುತ್ತದೆ. ಆ ಎಳೆತವನ್ನು ತಡೆಯಬೇಕಾದ್ದು ಲಗ್ಗಿಗೆ ಲಗ್ ಒತ್ತಿ ನಿಲ್ಲುವ ಮುಖಗಳು. ಕೀ ಕೆಲಸ ಬ್ಲಾಕ್ ಕಳಚಿ ಬೀಳದಂತೆ ಹೆಡ್ಡಿಗೆ ಅಪ್ಪಿ ಹಿಡಿದುಕೊಳ್ಳುವುದು, ಅಷ್ಟೇ. ಮುಖಗಳು ಸವೆದು ಸಂದು ಬಿಟ್ಟರೆ ಬ್ಲಾಕ್ ಮೊದಲು ಜಾರುತ್ತದೆ, ಆಮೇಲೆ ಹೊಡೆಯುತ್ತದೆ. ಆ ಹೊಡೆತ ಕೀ ಮೇಲೆ ಬೀಳುತ್ತದೆ. ಕೀಯನ್ನು ಆ ಹೊಡೆತಕ್ಕೆ ಅಂತ ಮಾಡಿಯೇ ಇಲ್ಲ. ನಾನು ನೋಡಿದ ಮುರಿದ ಕೀಗಳಲ್ಲಿ ಹೆಚ್ಚಿನವು ಹಾಳಾದ ಹೆಡ್ಡಿನಲ್ಲಿ ಕೂತಿದ್ದ ಒಳ್ಳೆಯ ಕೀಗಳು. ಯಾವ ಆಯ್ಕೆಯನ್ನು ತೂಗುವಾಗಲೂ ಇದು ನೆನಪಿರಲಿ.

ಒಂದು ಲೆಕ್ಕ ಹಾಕೋಣ. ಒಂದು ಬ್ಲಾಕನ್ನು ಗಾಲಿಗೆ 2 ಟನ್ ಬಲದಲ್ಲಿ ಒತ್ತುತ್ತಿದ್ದೀರಿ ಅಂದುಕೊಳ್ಳಿ. ಘರ್ಷಣೆಯ ಅಂಕ 0.15 ಇದ್ದರೆ ಲಗ್ ಮೇಲೆ ಬರುವ ಎಳೆತ 300 ಕೆ.ಜಿ. ಅದು 0.25 ಆದರೆ 500 ಕೆ.ಜಿ. ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಇಷ್ಟು. ಶಂಟಿಂಗ್ ಮಾಡುವ ಗಾಡಿ ಹಿಂದೆ ಮುಂದೆ ಹೋಗುತ್ತಲೇ ಇರುತ್ತದೆ, ಅದಕ್ಕೆ ತಕ್ಕಂತೆ ಎಳೆತದ ದಿಕ್ಕೂ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಸಂದು ಇದ್ದ ಹೆಡ್ಡಿನಲ್ಲಿ ಇದು ದಿನಕ್ಕೆ ನೂರಾರು ಸಲ ಸುತ್ತಿಗೆ ಏಟು ಬಿದ್ದ ಹಾಗೆ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ಮುರಿದ ತುಂಡನ್ನು ಎಸೆಯಬೇಡಿ. ನನ್ನ ಮೊದಲ ಅಳತೆಗೋಲು ಅದೇ. ಮುರಿದ ಮುಖ ಪೂರ್ತಿ ಹೊಸ ಬೂದು ಬಣ್ಣದಲ್ಲಿದ್ದರೆ ಒಂದೇ ಏಟಿಗೆ ಹೋಗಿದೆ. ಅರ್ಧ ಕಪ್ಪಾಗಿ ತುಕ್ಕು ಹಿಡಿದು, ಉಳಿದರ್ಧ ಹೊಳೆಯುತ್ತಿದ್ದರೆ ಬಿರುಕು ಬಹಳ ದಿನದಿಂದ ಇತ್ತು, ನಾವು ನೋಡಿಲ್ಲ. ಒಳಗೆ ನುಣುಪಾದ ಗುಳಿ ಕಂಡರೆ ಬ್ಲೋ ಹೋಲ್ (ಎರಕದಲ್ಲಿ ಸಿಕ್ಕಿಕೊಂಡ ಗ್ಯಾಸಿನ ಗುಳ್ಳೆ), ತಪ್ಪು ಫೌಂಡ್ರಿಯದು. ಕೀ ಒಂದೇ ಕಡೆ ಹೊಳಪಾಗಿ ಸವೆದು ಬಾಗಿದ್ದರೆ ಹೆಡ್ಡಿನ ಸೀಟ್ ಹೋಗಿದೆ. ಬ್ಲಾಕ್ ನಡುವಿಗೇ ಎರಡು ಹೋಳಾಗಿದ್ದರೆ ಅದು ಹೆಡ್ ಮೇಲೆ ಸರಿಯಾಗಿ ಒರಗಿಲ್ಲ, ನಡುವೆ ಮಾತ್ರ ತಾಗಿದೆ ಇಲ್ಲವೇ ತುದಿಗಳಲ್ಲಿ ಮಾತ್ರ ತಾಗಿದೆ. ಕೀ ಕಾಣೆಯಾಗಿದ್ದು ತೂತುಗಳೆಲ್ಲ ಚೆನ್ನಾಗಿದ್ದರೆ ಅದನ್ನು ಸರಿಯಾಗಿ ಹೊಡೆದೇ ಇರಲಿಲ್ಲ, ಅಥವಾ ಯಾರೋ ಸುಮ್ನೆ ಒಂದು ಸರಳಿನ ತುಂಡು ತುರುಕಿದ್ದರು.

ಎರಡನೆಯದು ಬಿಸಿ. ಸಮತಟ್ಟು ಯಾರ್ಡಿನಲ್ಲಿ ಗಂಟೆಗೆ 10 ಕಿ.ಮೀ. ಓಡುವ ಗಾಡಿಗೂ ಇಳಿಜಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುವ ಗಾಡಿಗೂ ಹೋಲಿಕೆಯೇ ಇಲ್ಲ. ನಮ್ಮ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಾಟಿಯ ಏರು 37ಕ್ಕೆ 1. ಅಂದರೆ ಪ್ರತಿ ಕಿಲೋಮೀಟರಿಗೆ 27 ಮೀಟರ್ ಇಳಿತ. ತುಂಬಿದ ಬಾಕ್ಸ್‌ಎನ್ ವ್ಯಾಗನ್ (ಕಲ್ಲಿದ್ದಲು, ಅದಿರು ಹೊರುವ ತೆರೆದ ವ್ಯಾಗನ್) 81.28 ಟನ್. ಅದು 1 ಕಿ.ಮೀ. ಇಳಿಯುವಾಗ ಬಿಡುವ ಶಕ್ತಿ ಸುಮಾರು 6 ಯೂನಿಟ್ ಕರೆಂಟಿಗೆ ಸಮ. ಅದರಲ್ಲಿ ಒಂದು ಪಾಲನ್ನು ಎಂಜಿನ್ನಿನ ಡೈನಾಮಿಕ್ ಬ್ರೇಕ್ (ಮೋಟಾರನ್ನೇ ಜನರೇಟರ್ ಮಾಡಿ ವೇಗ ತಗ್ಗಿಸುವುದು) ತೆಗೆದುಕೊಳ್ಳುತ್ತದೆ, ಉಳಿದದ್ದು ಗಾಲಿ ಮತ್ತು ಬ್ಲಾಕಿಗೆ ಬಿಸಿಯಾಗಿ ಬರುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ ಏರು 50ಕ್ಕೆ 1. ನಿಮ್ಮ ಗಾಡಿ ಇಂಥ ಹಳಿಗೆ ಹೋಗದೇ ಇರಬಹುದು. ಆದರೆ ಗಣಿಯಿಂದ ಇಳಿಯುವ ಟ್ರಾಲಿ, ಬಿಸಿ ಸ್ಲ್ಯಾಗ್ ಹೊತ್ತ ಗಾಡಿ ಇವೂ ಬಿಸಿಯ ಲೆಕ್ಕಕ್ಕೇ ಬರುತ್ತವೆ.

ಮೂರನೆಯದು ಮುರಿದರೆ ಏನಾಗುತ್ತದೆ ಅನ್ನುವುದು. ಯಾವ ಭಾಗವೂ ಒಂದಲ್ಲ ಒಂದು ದಿನ ಮುರಿಯುತ್ತದೆ. ಮುರಿದ ಮೇಲೂ ಅಲ್ಲೇ ನೇತಾಡಿಕೊಂಡಿರುತ್ತದಾ, ಹಳಿ ಮೇಲೆ ಬೀಳುತ್ತದಾ? ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಇರುವಲ್ಲಿ ಬ್ಲಾಕ್ ಬಿದ್ದರೆ ಹಿಂದಿನ ಗಾಲಿ ಹಳಿ ತಪ್ಪುವ ಅಪಾಯ ಇದೆ. ಬ್ಲಾಕ್ ಹೋದ ಹೆಡ್ ಮುಂದಿನ ಬ್ರೇಕಿಗೆ ನೇರ ಗಾಲಿಯನ್ನೇ ಉಜ್ಜುತ್ತದೆ, ಆಗ ಗಾಲಿಯೂ ಹಾಳು, ಹೆಡ್ಡೂ ಹಾಳು.

ಇನ್ನು ಬ್ಲಾಕ್ ಬದಲಿಸುವವರು ಯಾರು, ಯಾವ ಹೊತ್ತಿನಲ್ಲಿ ಅನ್ನುವುದನ್ನೂ ಯೋಚಿಸಿ. ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು, ಮಳೆಯಲ್ಲಿ, ಎರಡು ಕೈಯಲ್ಲಿ ಮಾಡಬಹುದಾದ ಕೆಲಸ ಆಗಿರಬೇಕು. ಎರಡು ಥರದ ಕೀ, ಎರಡು ಥರದ ಬ್ಲಾಕ್ ಒಂದೇ ಯಾರ್ಡಿನಲ್ಲಿ ಇದ್ದರೆ ಅವು ಅದಲುಬದಲು ಆಗೇ ಆಗುತ್ತವೆ. ದುಡ್ಡಿನ ಲೆಕ್ಕ ಇದೆಲ್ಲ ಆದ ಮೇಲೆ.

ಕೀ ಬದಲಿಸುವುದು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಇದೇ ಕಾರಣಕ್ಕೆ ಎಲ್ಲರೂ ಮೊದಲು ಇದನ್ನೇ ಮಾಡುತ್ತಾರೆ, ನಾನೂ ಹಾಗೇ ಮಾಡಿದ್ದೆ.

ಸಾದಾ ಮೈಲ್ಡ್ ಸ್ಟೀಲ್ ಕೀ ಮುರಿಯುವುದಕ್ಕಿಂತ ಬಾಗುತ್ತದೆ. ಅದು ಒಳ್ಳೆಯ ಗುಣ, ಬಾಗಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಒಮ್ಮೆ ಬಾಗಿದ್ದು ಹಾಗೇ ಉಳಿಯುತ್ತದೆ, ಹಿಡಿತ ಸಡಿಲ ಆಗುತ್ತದೆ, ದಿನ ಬಿಟ್ಟು ದಿನ ಸುತ್ತಿಗೆ ಹಿಡಿದು ಬಡಿಯಬೇಕು. ಸ್ಪ್ರಿಂಗ್ ಸ್ಟೀಲ್ ಕೀ ಬಿಲ್ಲಿನ ಹಾಗೆ ಒತ್ತಿಕೊಂಡೇ ಇರುತ್ತದೆ, ಸ್ವಲ್ಪ ಸವೆತ ಬಂದರೂ ತಾನೇ ಸರಿದೂಗಿಸುತ್ತದೆ. ಅದರ ಸಮಸ್ಯೆ ಇರುವುದು ಹದದಲ್ಲಿ. ನೀರಿಗೋ ಎಣ್ಣೆಗೋ ಅದ್ದಿ ಗಡಸು ಮಾಡಿ, ಆಮೇಲೆ ಟೆಂಪರ್ ಮಾಡದೆ, ಅಂದರೆ ಮತ್ತೆ ಹದವಾಗಿ ಕಾಯಿಸಿ ಗಡಸನ್ನು ತುಸು ಇಳಿಸದೆ, ಕೊಟ್ಟ ಕೀ ಗಾಜಿನ ಹಾಗೆ ಮುರಿಯುತ್ತದೆ. ಟೆಂಪರ್ ಮಾಡಿದ ಬಿಸಿಗಿಂತ ಜಾಸ್ತಿ ಬಿಸಿ ತಗುಲಿದರೆ ಸ್ಪ್ರಿಂಗ್ ಗುಣವೇ ಹೊರಟುಹೋಗುತ್ತದೆ. ಬ್ಲಾಕ್ ಸವೆದು ತೆಳುವಾದ ಹಾಗೆ ಬಿಸಿ ಕೀಗೆ ಹತ್ತಿರ ಬರುತ್ತದೆ ಅನ್ನುವುದು ನೆನಪಿರಲಿ. ಮತ್ತೆ, ದಯವಿಟ್ಟು, ಕೂರುತ್ತಿಲ್ಲ ಅಂತ ಸ್ಪ್ರಿಂಗ್ ಕೀಯನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಬೇಡಿ. ಬಹಳ ಕಡೆ ಈ ಅಭ್ಯಾಸ ಇದೆ. ಆ ಕ್ಷಣಕ್ಕೆ ಅದು ಸಾದಾ ಕಬ್ಬಿಣವಾಗಿ ಹೋಯಿತು.

ನಾನು ಕೆಲಸ ಮಾಡುತ್ತಿದ್ದ ಒಂದು ಸೈಡಿಂಗ್‌ನಲ್ಲಿ ಕೀ ಮುರಿಯುವುದು ಜಾಸ್ತಿ ಆಯಿತು. ಇನ್ನೂ ದಪ್ಪ, ಇನ್ನೂ ಗಡಸು ಕೀ ತರಿಸಿದೆವು. ಎರಡು ತಿಂಗಳು ನೆಮ್ಮದಿ. ಆಮೇಲೆ ಬ್ಲಾಕಿನ ಲಗ್‌ಗಳು ಮುರಿಯಲು ಶುರು. ಏಟು ಎಲ್ಲಿಗೂ ಹೋಗಿರಲಿಲ್ಲ, ಜಾಗ ಬದಲಿಸಿತ್ತು. ಕೀ ಮುರಿದಾಗ ಒಂದು ಕೀ ಖರ್ಚು, ಲಗ್ ಮುರಿದಾಗ ಇಡೀ ಬ್ಲಾಕ್ ಖರ್ಚು. ಹೆಡ್ ಬಿಚ್ಚಿ ಗೇಜ್ (ಅಳತೆಯ ತಗಡು) ಹಿಡಿದು ನೋಡಿದ್ದು ಅದಾದ ಮೇಲೆ, ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಹಾಗಾಗಿ ಕೀ ಬದಲಿಸುವುದು ಯಾರಿಗೆ ಸರಿ ಅಂದರೆ, ಹೆಡ್ ಮತ್ತು ಲಗ್ ಮುಖಗಳು ಡ್ರಾಯಿಂಗ್ ಅಳತೆಯಲ್ಲೇ ಇದ್ದು, ಕೀ ಮಾತ್ರ ಸಡಿಲ ಆಗುತ್ತಿರುವವರಿಗೆ. ಅವರು ಸ್ಪ್ರಿಂಗ್ ಸ್ಟೀಲ್ ಕೀ ತರಿಸಿ, ಪ್ರತಿ ಲಾಟಿನಿಂದ ಒಂದೆರಡನ್ನು ವೈಸಿನಲ್ಲಿ ಹಿಡಿದು ಬಗ್ಗಿಸಿ ನೋಡಲಿ. ಬಿಟ್ಟ ಮೇಲೆ ಮೊದಲಿನ ಆಕಾರಕ್ಕೆ ವಾಪಸ್ ಬಂದರೆ ಸರಿ.

ಲಗ್ ದಪ್ಪ ಮಾಡುವುದು

ಫೌಂಡ್ರಿಯವರಿಗೆ ಇದು ಸುಲಭ. ಪ್ಯಾಟರ್ನ್‌ನಲ್ಲಿ (ಅಚ್ಚು ತೆಗೆಯುವ ಮರದ ಮಾದರಿ) ಸ್ವಲ್ಪ ಮರ ಸೇರಿಸಿದರೆ ಆಯಿತು. ಲಾಭವೂ ಇದೆ. ಬಾಗುವ ಬಲದ ಎದುರು ಲಗ್ಗಿನ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 12 ಮಿ.ಮೀ. ಇದ್ದದ್ದನ್ನು 15 ಮಾಡಿದರೆ ಶಕ್ತಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಆದರೆ ಹೆಡ್ಡಿನ ಎರಡು ಲಗ್‌ಗಳ ನಡುವೆ ಜಾಗ ಇರಬೇಕಲ್ವಾ? ಮೇಲಿಂದ ಕೆಳಕ್ಕೆ ದಪ್ಪ ಮಾಡಿದರೆ ಅದು ಒಳಗೇ ಹೋಗುವುದಿಲ್ಲ. ಅಗಲಕ್ಕೆ ಮಾತ್ರ ಸೇರಿಸಬಹುದು. ಅಗಲ ಹೆಚ್ಚಾದಾಗ ಶಕ್ತಿ ಅದೇ ಅನುಪಾತದಲ್ಲಿ ಏರುತ್ತದೆ, ವರ್ಗದ ಲಾಭ ಸಿಗುವುದಿಲ್ಲ.

ದಪ್ಪಕ್ಕಿಂತ ನಾನು ಮೊದಲು ನೋಡುವುದು ಬುಡದ ಮೂಲೆ. ಲಗ್ ಬೆನ್ನಿಗೆ ಸೇರುವಲ್ಲಿ ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರು. ಬೀಡು, ಅಂದರೆ ಎರಕದ ಕಬ್ಬಿಣ, ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಬಡವ. ಆ ಮೂಲೆಯನ್ನು ಗುಂಡಗೆ ತಿರುಗಿಸಿದರೆ, ಅಂದರೆ ಒಳ್ಳೆ ಫಿಲೆಟ್ ಕೊಟ್ಟರೆ, ಹೆಚ್ಚೇನೂ ಬೀಡು ಹಾಕದೆಯೇ ಲಗ್ಗಿನ ಆಯಸ್ಸು ಏರುತ್ತದೆ. ಪ್ಯಾಟರ್ನ್ ಮೇಸ್ತ್ರಿಗೆ ಇದು ಅರ್ಧ ದಿನದ ಕೆಲಸ. ಹೆಡ್ಡಿನ ಮೂಲೆ ಆ ಗುಂಡಿಗೆ ತಾಗದಂತೆ ಅಲ್ಲೂ ಸ್ವಲ್ಪ ಬಿಡುವು ಬೇಕು, ಇಲ್ಲದಿದ್ದರೆ ಬ್ಲಾಕ್ ಹೆಡ್ಡಿಗೆ ಪೂರ್ತಿ ಒರಗುವುದಿಲ್ಲ.

ಉಕ್ಕು ಸೇರಿಸಿ ಎರಕ ಹೊಯ್ಯುವುದು

ಇಲ್ಲಿ ಎರಡು ದಾರಿ ಇವೆ. ಲಗ್ಗಿನೊಳಗೆ ಸರಳಿನ ಒಂದು ಕುಣಿಕೆ ಇಡುವುದು, ಅಥವಾ ಇಡೀ ಬೆನ್ನಿಗೆ ಉಕ್ಕಿನ ತಗಡು ಕೂರಿಸುವುದು. ಹೊಸದೇನಲ್ಲ, ಅಮೆರಿಕದ ಬ್ಲಾಕ್ ಎರಕದವರು 20ನೇ ಶತಮಾನದ ಮೊದಲ ದಶಕಗಳಲ್ಲೇ ಉಕ್ಕಿನ ಬೆನ್ನಿಗೆ ಬಂದಿದ್ದರು. ಕಾರಣ ಸರಳ. ಉಜ್ಜುವ ಕೆಲಸಕ್ಕೆ ಬೀಡು ಬೇಕು, ಹಿಡಿದುಕೊಳ್ಳುವ ಕೆಲಸಕ್ಕೆ ಉಕ್ಕು ಬೇಕು. ಒಂದೇ ಲೋಹದಿಂದ ಎರಡನ್ನೂ ಮಾಡಿಸಲು ಹೋದರೆ ಎರಡೂ ಅರ್ಧಂಬರ್ಧ.

ಕುಣಿಕೆ ಅಗ್ಗ. ಮೈಲ್ಡ್ ಸ್ಟೀಲ್ ಸರಳನ್ನು ಯು ಆಕಾರಕ್ಕೆ ಬಗ್ಗಿಸಿ, ಅದರ ತಲೆ ಲಗ್ಗಿನಲ್ಲಿ, ಕಾಲುಗಳು ಬ್ಲಾಕಿನ ಮೈಯೊಳಗೆ ಇರುವಂತೆ ಅಚ್ಚಿನಲ್ಲಿ ಇಡುತ್ತಾರೆ. ಪ್ಯಾಟರ್ನ್ ಹೆಚ್ಚು ಕಡಿಮೆ ಹಳೆಯದೇ ನಡೆಯುತ್ತದೆ. ಆದರೆ ಜಾಗ ಸರಿಯಾಗಿರಬೇಕು. ಬೀಡು ಹೊಯ್ಯುವಾಗ ಕುಣಿಕೆ ಸ್ವಲ್ಪ ತೇಲಿ ಸರಿದರೆ ಕೀ ತೂತಿನೊಳಗೆ ಉಕ್ಕು ಬಂದು ಕೂರುತ್ತದೆ, ಆ ಬ್ಲಾಕ್ ಗುಜರಿಗೇ. ಇನ್ನೊಂದು ಕೊರತೆಯೂ ಇದೆ. ಕುಣಿಕೆ ಲಗ್ಗನ್ನು ಮಾತ್ರ ಉಳಿಸುತ್ತದೆ. ಬ್ಲಾಕ್ ಅಡ್ಡಕ್ಕೆ ಸೀಳಿದರೆ ಲಗ್ಗಿನಿಂದ ಆಚೆಗಿನ ಹೋಳು ಬಿದ್ದೇ ಹೋಗುತ್ತದೆ.

ಪೂರ್ತಿ ಬೆನ್ನು ಹಾಕಿದರೆ ಬ್ಲಾಕ್ ಸೀಳಿದರೂ ಹೋಳುಗಳು ತಗಡಿಗೆ ಅಂಟಿಕೊಂಡು ನೇತಾಡುತ್ತವೆ. ನನಗೆ ಇದು ಬಹಳ ದೊಡ್ಡ ವಿಷಯ. ಪರೀಕ್ಷೆಗೆ ಬಂದ ಫಿಟ್ಟರ್ ಕಣ್ಣಿಗೆ ಬೀಳುತ್ತದೆ, ಅವನು ಬದಲಿಸುತ್ತಾನೆ, ಹಳಿ ಮೇಲೆ ಏನೂ ಬಿದ್ದಿರುವುದಿಲ್ಲ. ರಂಜಕ (ಫಾಸ್ಫರಸ್) ಜಾಸ್ತಿ ಇರುವ ಬೀಡಿಗಂತೂ ಇದು ಬೇಕೇ ಬೇಕು. ಯುರೋಪಿನಲ್ಲಿ ಪಿ10 ಅನ್ನುವ ಬ್ಲಾಕಿನಲ್ಲಿ ರಂಜಕ 1% ಆಸುಪಾಸು, ಪಿ30ರಲ್ಲಿ 3% ಆಸುಪಾಸು. ರಂಜಕ ಏರಿದರೆ ಕಿಡಿ ಕಡಿಮೆ, ಸವೆತ ಕಡಿಮೆ, ಆದರೆ ಬ್ಲಾಕ್ ಸುಲಭವಾಗಿ ಒಡೆಯುತ್ತದೆ. ಕಿಡಿಯಿಂದ ಒಣಹುಲ್ಲಿಗೆ ಬೆಂಕಿ ಹತ್ತುವ ಕಡೆ ಅಂಥ ಬೀಡು ಬೇಕಾಗಬಹುದು, ಆಗ ಬೆನ್ನಿಗೆ ಉಕ್ಕು ಕೊಡದೆ ದಾರಿ ಇಲ್ಲ.

ಬೆನ್ನು ಹಾಕುವ ಫೌಂಡ್ರಿಯವರು ಎಡವುವ ಜಾಗಗಳನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಟ್ಟದಾಗಿ ಹಾಕಿದ ಬೆನ್ನು ಇಲ್ಲದ ಬೆನ್ನಿಗಿಂತ ಕೆಟ್ಟದ್ದು. ತಗಡು ಸ್ವಚ್ಛ ಇರಬೇಕು. ತುಕ್ಕು, ಎಣ್ಣೆ, ಪೇಂಟ್ ಯಾವುದಿದ್ದರೂ ಬಿಸಿ ಬೀಡು ತಾಗಿದ ಕೂಡಲೇ ಗ್ಯಾಸ್ ಏಳುತ್ತದೆ, ಬೆನ್ನಿನ ಹಿಂದೆ ಗುಳಿಗಳ ಸಾಲೇ ನಿಲ್ಲುತ್ತದೆ. ಗ್ಯಾಲ್ವನೈಸ್ಡ್ ತಗಡಿನ ತುಂಡು ಅಗ್ಗಕ್ಕೆ ಸಿಕ್ಕಿತು ಅಂತ ಹಾಕಲೇಬೇಡಿ. ಸತು ಕುದಿಯುವುದು 907 ಡಿಗ್ರಿಯಲ್ಲಿ, ಬೀಡು ಹೊಯ್ಯುವುದು 1300 ಡಿಗ್ರಿಗೂ ಮೇಲೆ. ಎರಕವೂ ಹಾಳು, ಆ ಹೊಗೆ ಕುಡಿದವರ ಮೈಯೂ ಹಾಳು. ಅಚ್ಚಿನಲ್ಲಿ ಕೋರ್ (ಪೊಳ್ಳು ಬಿಡಿಸುವ ಮರಳಿನ ತುಂಡು) ಆನಿಸಲು ಇಡುವ ಸಣ್ಣ ಉಕ್ಕಿನ ಆಸರೆ, ಚಾಪ್ಲೆಟ್‌ಗೆ ತವರದ ಲೇಪ ಇರುತ್ತದಲ್ವಾ, ಅದು ತುಕ್ಕು ಹಿಡಿಯದೆ ಬೀಡಿಗೆ ಚೆನ್ನಾಗಿ ಕೂಡಲಿ ಅಂತಲೇ. ತಗಡನ್ನು ಹಿಂದಿನ ರಾತ್ರಿಯೇ ಹಸಿ ಮರಳಿನ ಅಚ್ಚಿನಲ್ಲಿ ಇಟ್ಟು ಮುಚ್ಚಿದರೆ ಬೆಳಗ್ಗೆ ಅದರ ಮೇಲೆ ನೀರಿನ ಹನಿ ಕೂತಿರುತ್ತದೆ. ಹೊಯ್ಯುವ ಮುಂಚೆ ಸ್ವಲ್ಪ ಬೆಚ್ಚಗೆ ಮಾಡಿ ಇಡಿ. ತಗಡಿಗೆ ತೂತು ಹೊಡೆದು ಅಂಚಿನಲ್ಲಿ ಉಗುರುಗಳ ಹಾಗೆ ಒಳಕ್ಕೆ ಮಡಚಿರಬೇಕು. ಬೀಡು ಆ ತೂತುಗಳ ಮೂಲಕ ಹರಿದು ಹಿಡಿದುಕೊಂಡರೇ ಗಟ್ಟಿ, ಬರೀ ಮುಖಕ್ಕೆ ಮುಖ ಅಂಟಿದ್ದನ್ನು ನಂಬಬೇಡಿ.

ಲಗ್ಗನ್ನು ತಗಡಿನಲ್ಲೇ ಒತ್ತಿ ಎಬ್ಬಿಸಿದ್ದರೆ ಎಲ್ಲಕ್ಕಿಂತ ಒಳ್ಳೆಯದು, ಒಂದೇ ತುಂಡು, ಜೋಡಣೆ ಇಲ್ಲ. ಅದಕ್ಕೆ ಪ್ರೆಸ್ ಮತ್ತು ಡೈ ಬೇಕು, ನೂರಿನ್ನೂರು ಬ್ಲಾಕಿಗೆ ಅದು ಗಿಟ್ಟುವುದಿಲ್ಲ. ಕಡಿಮೆ ಸಂಖ್ಯೆಗೆ ಪಟ್ಟಿ ಬಗ್ಗಿಸಿ ತಗಡಿಗೆ ವೆಲ್ಡ್ ಮಾಡಬಹುದು, ಆಗ ಆ ವೆಲ್ಡೇ ಸರಪಳಿಯ ದುರ್ಬಲ ಕೊಂಡಿ. ವೆಲ್ಡ್ ಮಾಡಿದ ಕಾಲುಗಳನ್ನು ತಗಡಿನ ಆಚೆ ಬದಿಗೆ ದಾಟಿಸಿ ಬೀಡಿನೊಳಗೆ ಹೂಳಿದರೆ ಭಾರ ವೆಲ್ಡ್ ಮೇಲೆ ಮಾತ್ರ ನಿಲ್ಲುವುದಿಲ್ಲ. ನಾನು ಮಾಡಿಸಿದ್ದು ಹೀಗೆ.

ಇಷ್ಟೆಲ್ಲ ಆದ ಮೇಲೂ ಒಂದು ಎಚ್ಚರ ಬೇಕು. ಬ್ಲಾಕನ್ನು ಕೊನೆವರೆಗೂ ಸವೆಸಿದರೆ ಉಕ್ಕಿನ ಬೆನ್ನು ಗಾಲಿಗೆ ತಾಗುತ್ತದೆ. ಬೆನ್ನು ಗಟ್ಟಿ ಇದೆ ಅಂತ ಇನ್ನೂ ಒಂದು ವಾರ ಓಡಿಸೋಣ ಅನ್ನುವ ಆಸೆ ಬರುತ್ತದೆ. ಬ್ಲಾಕಿನ ಪಕ್ಕದಲ್ಲೇ ಸವೆತದ ಗೆರೆಯೊಂದನ್ನು ಎರಕದಲ್ಲೇ ಮೂಡಿಸಿಬಿಡಿ.

ಹೆಡ್ ಸರಿಮಾಡುವುದು

ಕಷ್ಟದ ಕೆಲಸ, ಗಾಡಿ ನಿಲ್ಲಿಸಬೇಕು, ಬಿಚ್ಚಬೇಕು. ಅದಕ್ಕೇ ಎಲ್ಲರೂ ಕೊನೆಗೆ ಇಡುತ್ತಾರೆ. ನನ್ನ ಪ್ರಕಾರ ಇದೇ ಮೊದಲು ಆಗಬೇಕಾದ್ದು. ಲಗ್ ಮುಖಗಳ ಸಂದು, ತುದಿಗಳ ಸವೆತ, ಕೀ ತೂತಿನ ಅಗಲ ಈ ಮೂರನ್ನೂ ತಗಡಿನಲ್ಲಿ ಕತ್ತರಿಸಿದ ಒಂದು ಗೇಜಿನಿಂದ ನೋಡಬಹುದು. ಗೇಜನ್ನು ಹೊಸ ಹೆಡ್ಡಿನಿಂದ ಅಥವಾ ಡ್ರಾಯಿಂಗ್‌ನಿಂದ ತೆಗೆಯಿರಿ, ಓಡಿದ ಹೆಡ್ಡಿನಿಂದ ತೆಗೆದರೆ ಸವೆತವನ್ನೇ ಅಳತೆ ಅಂತ ನಂಬಿದ ಹಾಗೆ.

ಹೆಡ್ ಯಾವ ಲೋಹ ಅನ್ನುವುದರ ಮೇಲೆ ದಾರಿ ನಿಂತಿದೆ. ಬೂದು ಬೀಡಿನ ಹೆಡ್ ಸವೆದಿದ್ದರೆ ವೆಲ್ಡ್ ಮಾಡಲು ಹೋಗಬೇಡಿ. ನಿಕಲ್ ರಾಡ್ ಹಾಕಿ, ಮೊದಲೇ ಕಾಯಿಸಿ, ನಿಧಾನ ಆರಿಸಿ ಮಾಡುವವರಿದ್ದಾರೆ, ಮಷೀನಿನ ಮೈಗೆ ಅದು ನಡೆಯುತ್ತದೆ. ಏಟು ತಿನ್ನುವ ಬ್ರೇಕ್ ಹೆಡ್ಡಿಗೆ ನಾನು ಒಪ್ಪುವುದಿಲ್ಲ. ಎರಕದ ಉಕ್ಕಿನ ಹೆಡ್ ಆದರೆ ಇ7018 ವೆಲ್ಡಿಂಗ್ ರಾಡನ್ನು ಓವನ್ನಿನಲ್ಲಿ ಒಣಗಿಸಿ, ಸವೆದ ಮುಖ ತುಂಬಿ, ಗೇಜಿಗೆ ಸರಿಯಾಗಿ ಗ್ರೈಂಡ್ ಮಾಡಬಹುದು. ಒಳ್ಳೆ ವೆಲ್ಡರ್ ಕೈಯಲ್ಲಿ ಇದು ಚೆನ್ನಾಗಿ ಬಾಳುತ್ತದೆ. ಆದರೆ ಗಡಸು ರಾಡಿನಿಂದ ತುಂಬಬೇಡಿ, ಆ ಮುಖ ಬ್ಲಾಕಿನ ಲಗ್ಗನ್ನು ತಿನ್ನುತ್ತದೆ. ಬಿರುಕು ಇರುವ ಹೆಡ್ಡನ್ನು ಮಾತ್ರ ತುಂಬುವ ಯೋಚನೆ ಬೇಡ, ತೆಗೆದುಹಾಕಿ.

ಹೊಸ ಹೆಡ್ ಹೊಯ್ಯಿಸುವುದಾದರೆ ಎಸ್‌ಜಿ ಐರನ್ (ಗ್ರಾಫೈಟ್ ಗುಂಡಗೆ ಇರುವ, ಸುಲಭಕ್ಕೆ ಒಡೆಯದ ಬೀಡು) ಒಳ್ಳೆಯದಾ, ಉಕ್ಕಾ? ಬೂದು ಬೀಡಿನ ಎಫ್‌ಜಿ 200 ಗ್ರೇಡಿಗೆ 200 ಎಂಪಿಎ ಎಳೆತದ ಶಕ್ತಿ, ಹಿಗ್ಗುವ ಗುಣ ಇಲ್ಲವೇ ಇಲ್ಲ ಅನ್ನಬಹುದು. ಎಸ್‌ಜಿ 500/7 ಗ್ರೇಡಿಗೆ 500 ಎಂಪಿಎ, ಮುರಿಯುವ ಮುಂಚೆ 7% ಹಿಗ್ಗುತ್ತದೆ. ಅದೇ ದೊಡ್ಡ ಸುಧಾರಣೆ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ಎಸ್‌ಜಿ ಹೊಯ್ಯುವವರು ಸುಲಭವಾಗಿ ಸಿಗುತ್ತಾರೆ, ಉಕ್ಕಿಗಿಂತ ಖರ್ಚೂ ಕಡಿಮೆ. ಉಕ್ಕಿನ ಹೆಡ್ಡಿಗೆ ಇರುವ ಒಂದು ಮೇಲುಗೈ ಅಂದರೆ ಮುಂದೆ ಸವೆದಾಗ ವೆಲ್ಡ್ ಮಾಡಬಹುದು, ಎಸ್‌ಜಿಗೆ ಅದು ಕಷ್ಟ. ನಿಮ್ಮಲ್ಲಿ ಒಳ್ಳೆ ವೆಲ್ಡರ್ ಇದ್ದರೆ ಉಕ್ಕು, ಇಲ್ಲದಿದ್ದರೆ ಎಸ್‌ಜಿ ಮಾಡಿಸಿ ಸವೆದಾಗ ಬದಲಿಸಿ. ಉಕ್ಕಿಗೆ ಹೋಗುವವರು ಬೀಡಿನ ಹಳೇ ಪ್ಯಾಟರ್ನ್ ಕೊಡಬೇಡಿ. ಬೀಡು ಆರುವಾಗ ಸುಮಾರು 1% ಕುಗ್ಗುತ್ತದೆ, ಉಕ್ಕು ಸುಮಾರು 2%. 400 ಮಿ.ಮೀ. ಉದ್ದದ ಹೆಡ್ಡಿನಲ್ಲಿ 4 ಮಿ.ಮೀ. ವ್ಯತ್ಯಾಸ ಬರುತ್ತದೆ, ಬ್ಲಾಕ್ ಕೂರುವುದಿಲ್ಲ.

ಹೆಡ್ ಜೊತೆಗೇ ಅದನ್ನು ತೂಗುಹಾಕಿರುವ ಹ್ಯಾಂಗರ್ ಪಿನ್, ಪಿನ್ ಕೂರುವ ತೂತಿನ ಒಳಗಿನ ಬಳೆಯಾದ ಬುಷ್ ನೋಡಿ. ಅವು ಸಡಿಲ ಆದರೆ ಹೆಡ್ ವಾಲುತ್ತದೆ, ಬ್ಲಾಕ್ ಒಂದು ತುದಿಯಲ್ಲಿ ತೆಳ್ಳಗೆ ಇನ್ನೊಂದು ತುದಿಯಲ್ಲಿ ದಪ್ಪಗೆ ಸವೆಯುತ್ತದೆ. ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೇ ಮಾದರಿ) ಕೋಚ್‌ಗಳ ಬ್ರೇಕ್ ಗೇರಿನಲ್ಲಿ ನೈಲಾನ್ 66 ಬುಷ್ ಬಂದವು, ಎಣ್ಣೆ ಬೇಡ, ಪಿನ್ ಕಡಿಮೆ ಸವೆಯುತ್ತದೆ. ಯಾರ್ಡ್ ಗಾಡಿಗೂ ಒಳ್ಳೆಯದೇ. ಆದರೆ ನೈಲಾನ್ 66 ಸುಮಾರು 260 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಬಿಸಿ ಸ್ಲ್ಯಾಗ್ ಗಾಡಿಗೆ ಉಕ್ಕಿನ ಬುಷ್ಷೇ ಇರಲಿ, ಗ್ರೀಸ್ ಹಾಕುತ್ತಿರಿ. ಪಿನ್ ತುದಿಗೆ ಸ್ಪ್ಲಿಟ್ ಪಿನ್ನಿಗಿಂತ ತಲೆ ಉಬ್ಬಿದ ಬಲ್ಬ್ ಕಾಟರ್ ಒಳ್ಳೆಯದು. ಸ್ಪ್ಲಿಟ್ ಪಿನ್ ಬಳಸಿದರೆ ಒಮ್ಮೆ ತೆಗೆದದ್ದನ್ನು ಮತ್ತೆ ಹಾಕಬಾರದು.

ಕಾಂಪೋಸಿಷನ್ ಬ್ಲಾಕಿಗೆ ಹೋಗುವುದು

ಹಗುರ. ಅದೇ ಗಾತ್ರದ ಬೀಡಿನ ತೂಕದಲ್ಲಿ ಮೂರನೇ ಒಂದು ಭಾಗದ ಹತ್ತಿರ. ಹಗುರ ಇದ್ದಷ್ಟೂ ಅದುರಿದಾಗ ಕೀ ಮೇಲೆ ಏಟು ಕಡಿಮೆ. ಉಕ್ಕಿನ ಬೆನ್ನು ಹೇಗೂ ಇರುತ್ತದೆ. ಗುಜರಿ ಬೆಲೆ ಇಲ್ಲದ್ದರಿಂದ ಕಳ್ಳರೂ ಮುಟ್ಟುವುದಿಲ್ಲ. ಸದ್ದೂ ಕಡಿಮೆ, ಯುರೋಪಿನ ಗೂಡ್ಸ್ ವ್ಯಾಗನ್‌ಗಳು ಬೀಡನ್ನು ಬಿಟ್ಟಿದ್ದು ಮುಖ್ಯವಾಗಿ ಅದಕ್ಕೇ, ಸ್ವಿಟ್ಜರ್ಲೆಂಡ್ 2020ರ ಆರಂಭದಿಂದಲೂ ಜರ್ಮನಿ ಅದೇ ವರ್ಷದ ಡಿಸೆಂಬರ್‌ನಿಂದಲೂ ಗದ್ದಲದ ವ್ಯಾಗನ್‌ಗಳನ್ನು ತಡೆದವು.

ಆದರೆ ಹೆಚ್ಚು ಘರ್ಷಣೆಯ ಕೆ ಮಾದರಿಯ ಬ್ಲಾಕಿನ ಅಂಕ 0.25 ಆಸುಪಾಸು. ಸಿಲಿಂಡರ್, ಲಿವರ್ ಏನನ್ನೂ ಬದಲಿಸದೆ ಅದನ್ನು ಹಾಕಿದರೆ ಮೇಲೆ ಲೆಕ್ಕ ಹಾಕಿದ ಹಾಗೆ, ಬೀಡಿಗೆ 0.15 ಹಿಡಿದರೆ, 300 ಕೆ.ಜಿ. ಎಳೆತ 500 ಆಗುತ್ತದೆ. ಲಗ್ ಉಳಿಸಲು ಹೋಗಿ ಹೆಡ್ಡಿಗೆ ಭಾರ ಹೆಚ್ಚಿಸಿದಿರಿ, ಗಾಲಿ ಕೂಡ ಜಾಮ್ ಆಗಿ ಜಾರಬಹುದು. ಒತ್ತುವ ಬಲ ಇಳಿಸಲೇಬೇಕು. ಎಲ್ ಮಾದರಿಯ ಕಡಿಮೆ ಘರ್ಷಣೆಯ ಬ್ಲಾಕ್ ಬೀಡಿನ ಜಾಗಕ್ಕೆ ಹೊಂದುತ್ತದೆ. ಮತ್ತೆ, ಕಾಂಪೋಸಿಷನ್ ಬ್ಲಾಕ್ ಬಿಸಿಯನ್ನು ಹೆಚ್ಚು ಹೀರುವುದಿಲ್ಲ, ಬಹುಪಾಲು ಬಿಸಿ ಗಾಲಿಗೇ ಹೋಗುತ್ತದೆ. ಇಳಿಜಾರಿನ ಗಾಡಿಯವರು ಗಾಲಿಯ ಬಿರುಕನ್ನು ಕಣ್ಣಿಟ್ಟು ನೋಡಬೇಕು. ಹಳೇ ಸ್ಟಾಕ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದ ಬ್ಲಾಕ್ ಸಿಕ್ಕರೆ ಗ್ರೈಂಡ್ ಮಾಡುವುದಾಗಲಿ ಗಾಳಿ ಹೊಡೆಯುವುದಾಗಲಿ ಬೇಡ.

ನಿಧಾನ ಓಡುವ ಯಾರ್ಡ್ ಗಾಡಿಗೆ ನಾನು ಇದನ್ನು ಒತ್ತಾಯ ಮಾಡುವುದಿಲ್ಲ. ಬೀಡಿನ ಹಿಡಿತ ವೇಗ ಕಡಿಮೆ ಇದ್ದಾಗಲೇ ಚೆನ್ನಾಗಿರುತ್ತದೆ, ಗಂಟೆಗೆ 10–15 ಕಿ.ಮೀ.ನಲ್ಲಿ ಅದಕ್ಕೆ ಕೊರತೆ ಇಲ್ಲ. ಡಿಸ್ಕ್ ಬ್ರೇಕ್ ಬಗ್ಗೆ ಕೇಳುವವರೂ ಇದ್ದಾರೆ, ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಕೋಚಿಗೆ ಅದು ಸರಿ, ಹಳೇ ವ್ಯಾಗನ್ನಿಗೆ ಆಕ್ಸಲ್‌ನಿಂದಲೇ ಬದಲಿಸಬೇಕಾಗುತ್ತದೆ.

ಸೇಫ್ಟಿ ಸ್ಟ್ರಾಪ್ ಅಥವಾ ತಂತಿ ಹಗ್ಗ ಯಾವುದನ್ನೂ ಗಟ್ಟಿ ಮಾಡುವುದಿಲ್ಲ, ಬ್ರೇಕ್ ಬೀಮ್ (ಹೆಡ್‌ಗಳನ್ನು ಹೊತ್ತ ಅಡ್ಡ ತೊಲೆ) ಬಿದ್ದರೆ ಹಿಡಿಯುತ್ತದೆ. ಹಾಗಾಗಿ ಆಯ್ಕೆಯ ಪಟ್ಟಿಯಲ್ಲಿ ಅದನ್ನು ಇಟ್ಟಿಲ್ಲ. ಎಲ್ಲರೂ ಹಾಕಲೇಬೇಕು.

ನಿಮ್ಮ ಗಾಡಿಗೆ ಯಾವುದು

ನಾಲ್ಕೈದು ಟ್ರಾಲಿ, ಕೈಯಲ್ಲಿ ದುಡ್ಡಿಲ್ಲ ಅನ್ನುವವರು ಗೇಜ್ ಮಾಡಿ ಹೆಡ್ ನೋಡಲಿ, ಸವೆದ ಉಕ್ಕಿನ ಹೆಡ್ಡನ್ನು ತುಂಬಿಸಲಿ, ಒಳ್ಳೆ ಸ್ಪ್ರಿಂಗ್ ಕೀ ಹಾಕಲಿ. ಬ್ಲಾಕ್ ಹಳೆಯದೇ ಇರಲಿ. ಐವತ್ತು ಅರವತ್ತು ವ್ಯಾಗನ್ ಇರುವ ಪ್ಲಾಂಟಿನವರಿಗೆ ಹೆಡ್ಡನ್ನು ಎಸ್‌ಜಿಗೆ ಬದಲಿಸುವುದು ಮತ್ತು ಬ್ಲಾಕಿಗೆ ಪೂರ್ತಿ ಉಕ್ಕಿನ ಬೆನ್ನು, ಎರಡೂ ಗಿಟ್ಟುತ್ತವೆ. ಒಂದೇ ಸಲ ಆಗದಿದ್ದರೆ ಈ ವರ್ಷ ಹೆಡ್, ಮುಂದಿನ ವರ್ಷ ಬೆನ್ನು. ಇಳಿಜಾರು ಇದ್ದರೆ ಬೆನ್ನು ಮೊದಲು, ಅಲ್ಲಿ ಬ್ಲಾಕ್ ಬಿಸಿಗೆ ಸೀಳುವುದೇ ಜಾಸ್ತಿ. ಬಿಸಿ ಸ್ಲ್ಯಾಗ್ ಗಾಡಿಯವರು ಬೀಡನ್ನು ಬಿಡಬೇಡಿ, ನೈಲಾನ್ ಮುಟ್ಟಬೇಡಿ. ಸಣ್ಣ ಫೌಂಡ್ರಿಯವರು ಮೊದಲು ಫಿಲೆಟ್ ತಿದ್ದಿ, ಆಮೇಲೆ ಕುಣಿಕೆ ಹಾಕಿ ಕೈ ಪಳಗಿಸಿಕೊಳ್ಳಿ, ಆರ್ಡರ್ ಏರಿದಾಗ ಬೆನ್ನಿನ ಡೈ ಮಾಡಿಸಿ.

ಯಾವುದನ್ನು ಆರಿಸಿದರೂ ಇಡೀ ಯಾರ್ಡಿಗೆ ಒಮ್ಮೆಲೇ ಹಾಕಬೇಡಿ. ಒಂದು ವ್ಯಾಗನ್ನಿನ ಒಂದು ಬೋಗಿಗೆ (ಅಡಿಯ ಗಾಲಿಗಳ ಚೌಕಟ್ಟಿಗೆ) ಹೊಸದು, ಇನ್ನೊಂದು ಬೋಗಿಗೆ ಹಳೆಯದು ಹಾಕಿ. ಹೆಡ್ ಮೇಲೆ ಪಂಚಿನಿಂದ ಗುರುತು ಹೊಡೆಯಿರಿ, ತಾರೀಕು ಬರೆದಿಡಿ. ಮೇ ತಿಂಗಳಲ್ಲಿ ಹಾಕಿ ಮಳೆಗಾಲ ಮುಗಿದ ಮೇಲೆ ಎರಡನ್ನೂ ಬಿಚ್ಚಿ ಅದೇ ಗೇಜ್ ಹಿಡಿಯಿರಿ. ಸಂದು ಎಷ್ಟು ಹೆಚ್ಚಾಗಿದೆ, ಕೀ ಎಲ್ಲಿ ಹೊಳೆಯುತ್ತಿದೆ ಅನ್ನುವುದನ್ನು ಬರೆದುಕೊಂಡು, ಆಮೇಲೆ ಉಳಿದ ವ್ಯಾಗನ್‌ಗಳಿಗೆ ಆರ್ಡರ್ ಕೊಡಿ.